ಬಣ್ಣ ಬೇಡದ ಮುಖ

"ಈ ಮುದ್ಕಿ ಮುಖಕ್ಕೆ ಬಣ್ಣಾನೇ ಬ್ಯಾಡ ಕಣ್ಲಾ! ಹಿಂಗೇ ತಂದು ನಿಲ್ಸಿದ್ರೆ ಸಾಕು, ನೋಡೋರಿಗೆ ಉಚ್ಚೆ ಹೋಗ್ಬೇಕು."

ಲಮೀಸಿ ತಲೆ ಎತ್ತಲಿಲ್ಲ. ಶೇಂಗಾ ಸಾಲಿನಲ್ಲಿ ಬಗ್ಗಿ ಕಳೆ ಕೀಳುತ್ತಲೇ ಇದ್ದಳು. ಕೆಂಪು ಬೂಟಿನ ಎರಡು ಕಾಲು ಅವಳ ಸಾಲಿಗೇ ಅಡ್ಡ ಬಂದು ನಿಂತವು. ಬೂಟಿನಡಿ ಮೂರು ಗಿಡ ಮುರಿದವು.

"ಏ ಅವ್ವಾ, ಇತ್ತಾಗ್ ನೋಡು. ಹಲ್ಲು ತೋರ್ಸು."

ಬೂಟಿನವನ ಹೆಸರು ರಶೀದು. ತಮಾಲೆ ಪಟ್ಟಣದವನು. ಮಾಟದ ರಾಣಿಯೊಬ್ಬಳು ರಾಜಕುಮಾರರನ್ನು ತಿನ್ನುವ ಕಥೆಯ ಸಿನಿಮಾಕ್ಕೆ ಜಾಗ ಹುಡುಕುತ್ತ, ಜೊತೆಗಾರನೊಬ್ಬನನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಾಲ್ಕು ದಿನದಿಂದ ಊರೂರು ಅಲೆದಿದ್ದ. ಈಗ ಅವನ ಮುಖದಲ್ಲಿ ಕಳೆದ ಎತ್ತು ಸಿಕ್ಕಿದಂಥ ಸಂತೋಷ. ಫೋನನ್ನು ಅವಳ ಗಲ್ಲಕ್ಕೆ ತಾಗುವಷ್ಟು ಹತ್ತಿರ ಹಿಡಿದು ಫೋಟೋ ತೆಗೆದ.

"ಹರಿದ ಕಿವಿ ನೋಡ್ಲಾ, ಹರಿದ ಕಿವಿ! ಎಷ್ಟ್ ಕೊಟ್ರೂ ಸಿಗಲ್ಲ ಇಂಥದ್ದು."

ಹಿಂದೆ ನಿಂತಿದ್ದ ತಿಂದಾನಾ ನಕ್ಕ. ಅವನು ನೆಲದೇವರ ಪೂಜಾರಿ. ಊರೂರಿನಿಂದ ಮಾಟಗಾತಿ ಎಂದು ಹೊಡೆದಟ್ಟಿದ ಹೆಂಗಸರಿಗೆ ಇಲ್ಲಿ ನೆಲೆ ಕೊಟ್ಟವನು. ಹೊಲ ಅವನದು, ಹಟ್ಟಿ ಅವನದು, ಕಳೆ ಮಾತ್ರ ಹೆಂಗಸರದು.

"ಇವ್ಳು ಮೈದುನನ ಮಗನ್ನ ತಿಂದೋಳು," ಎಂದ, ಸಂತೆಯಲ್ಲಿ ಆಡಿನ ಹಲ್ಲು ತೋರಿಸುವವನ ಹಾಗೆ. "ಅಲ್ಲಿರೋ ಕುರುಡಿ ತಿಪಾಗ್ಯ, ಸವತೀನ ತಿಂದೋಳು. ನಿಂಗ್ ಯಾರ್ ಬೇಕೋ ಆರಿಸ್ಕೊ."

"ನಿಮ್ಮವ್ವನ್ನೂ ತಿಂದಿದ್ದೆ ಕಣೋ, ರುಚಿ ಇರ್ಲಿಲ್ಲ," ಎಂದು ದೂರದ ಸಾಲಿನಿಂದ ತಿಪಾಗ್ಯ ಗೊಣಗಿದಳು. ಅಕ್ಕಪಕ್ಕದವರು ಸೆರಗು ಬಾಯಿಗೆ ಒತ್ತಿಕೊಂಡರು.

ಲಮೀಸಿ ನಗಲಿಲ್ಲ. ಮೈದುನನ ಆ ಮಗು ಜ್ವರ ಬಂದು, ಕತ್ತು ಸೆಟೆದು, ಅವಳ ತೊಡೆಯ ಮೇಲೇ ಸತ್ತಿತ್ತು. ಮಾರನೇ ದಿನ ಓರಗಿತ್ತಿಗೆ ಕನಸು ಬಿತ್ತು. ಕನಸಿನಲ್ಲಿ ಲಮೀಸಿ ಇದ್ದಳು. ಅಷ್ಟು ಸಾಕಾಯಿತು. ಮೊದಲ ಕಲ್ಲು ಕಿವಿಗೆ ಬಿತ್ತು. ಅದಾಗಿ ಆರು ವರ್ಷ. ಹೋದ ಸಂತೆಯ ದಿನ ಮಗಳು ವುಂಪಿನಿ ಬಂದು ಕೈಹಿಡಿದು ಅತ್ತಿದ್ದಳು: "ಚಿಕ್ಕಪ್ಪ ಒಪ್ಕೊಂಡವ್ನೆ ಕಣವ್ವಾ. ಕುಯ್ಲು ಮುಗೀಲಿ, ಕರ್ಕೊಂಡ್ ಬಾ ಅಂದವ್ನೆ."

ಅವತ್ತಿನಿಂದ ಲಮೀಸಿ ಯಾರೊಡನೆಯೂ ಜೋರಾಗಿ ಮಾತಾಡಿರಲಿಲ್ಲ. ಜೋರಾಗಿ ಆಡಿದರೆ ಆ ಮಾತು ಒಡೆದುಹೋದೀತೆಂಬ ಭಯ.

ಮಧ್ಯಾಹ್ನ ರಶೀದು ಬೇವಿನ ನೆರಳಲ್ಲಿ ಕೂತು ಫೋಟೋ ನೋಡುತ್ತಿದ್ದ. ಅವಳು ಹೋಗಿ ಅವನೆದುರು ಮಂಡಿಯೂರಿದಳು.

"ಮಗಾ, ನನ್ ಮುಖ ಅಳ್ಸಿಬಿಡು."

"ಯಾಕವ್ವ? ಸುಮ್ನೆ ಆಟ ಅದು. ಕೆಂಪು ಬಟ್ಟೆ ಉಟ್ಕೊಂಡು ಬೆಂಕಿ ಸುತ್ತ ಕುಣಿಯೋದು, ಕೂಗೋದು. ಆಮೇಲೆ ಸೋಪು, ಅಕ್ಕಿ ಎಲ್ಲಾ ಕೊಡ್ತೀವಿ."

"ಸಿನಿಮಾ ಎಲ್ ತೋರಿಸ್ತೀರ?"

"ಎಲ್ಲಾ ಕಡೆ! ವಿಡಿಯೋ ಅಂಗಡೀಲಿ, ಸಂತೇಲಿ. ಈಗ ದನ ಕಾಯೋನ್ ಕೈಯಾಗೂ ಫೋನೈತೆ."

"ನೀನು ಆಟ ಅಂತೀಯ. ನಮ್ಮೂರೋರು ಅದನ್ನ ನೋಡಿ, ಅಗೋ ಅಲ್ನೋಡಿ ಅಂತಾರೆ. ಕನಸು ಕಂಡಿದ್ಕೇ ಕಲ್ ಹೊಡ್ದೋರು ಕಣಪ್ಪ. ಕಣ್ಣಾರೆ ಕಂಡ್ರೆ ಬಿಡ್ತಾರಾ?"

ರಶೀದು ಕುತ್ತಿಗೆ ತುರಿಸಿಕೊಂಡ. "ನಾನೇನ್ ಮಾಡ್ಲವ್ವ? ಸೆಟ್ ಹಾಕಕ್ಕೆ ನಮ್ ಧಣಿ ಬಿಡಿಗಾಸು ಬಿಚ್ಚಲ್ಲ. ಯಾವೂರಿಗ್ ಹೋದ್ರೂ ಹಾಳು ತಗಡು, ತಗಡು! ರಾಜರ ಕಾಲಕ್ಕೆ ತಗಡಿತ್ತಾ? ಹುಲ್ ಹೊದ್ಸಿರೋದು ನಿಮ್ ಹಟ್ಟಿ ಒಂದೇ. ತಗಡು ಹಾಕಿದ್ರೆ ನಾನ್ಯಾಕ್ ಬರ್ತಿದ್ದೆ? ಹೋಗಿ ನಿಮ್ ಪೂಜಾರೀನ ಕೇಳು, ದುಡ್ಡು ಇಸ್ಕೊಂಡೋನು ಅವ್ನು."

ಅವಳು ಹೋಗಿ ಅದನ್ನೇ ಬೇಡಿದಾಗ ತಿಂದಾನಾ ಕೋಲಾ ಬೀಜ ಜಗಿಯುತ್ತ ಕೇಳಿಸಿಕೊಂಡ.

"ಕುಯ್ಲು ಆದ್ಮೇಲೆ ಮನೀಗ್ ಹೋಗ್ತೀಯಂತೆ?"

ಅವಳು ತಟ್ಟನೆ ತಲೆ ಎತ್ತಿದಳು.

"ಮೈಲಿಗೆ ತೊಳ್ದೈತೆ ಅಂತ ನಾನು ಹೇಳಿದ್ರೆ ತಾನೆ ನಿಮ್ಮೋರು ಒಳೀಕ್ ಬಿಟ್ಕೊಳೋದು? ಇನ್ನೊಂದ್ ಕೋಳಿ ಕುಯ್ಯಲಾ? ಅಂಗಾತ ಬಿದ್ರೆ ನೀನು ಒಳ್ಳೇಳು. ಮಕಾಡೆ ಬಿದ್ರೆ..." ಎಂಜಲನ್ನು ಅವಳ ಕಾಲ ಬಳಿ ಉಗಿದ. "ಸನಿವಾರ ಕೆಂಪು ಬಟ್ಟೆ ಉಟ್ಕೊಂಡು ಕುಣೀತೀಯ. ಹೋಗ್, ಲೌಡಿ."

ಕುಣಿದರೆ ಊರಿಲ್ಲ. ಕುಣಿಯದಿದ್ದರೂ ಊರಿಲ್ಲ. ಲಮೀಸಿ ಕೊಡ ಹಿಡಿದು ನೀರಿನ ಗುಂಡಿಗೆ ಹೋದಳು. ತುಂಬಿದ ಕೊಡ ತುಳುಕಿ ಹರಿಯುತ್ತಿದ್ದರೂ ಸೋರೆಬುರುಡೆಯಲ್ಲಿ ಮೊಗೆದು ಹಾಕುತ್ತಲೇ ಇದ್ದಳು.

"ಯಾರೇ ಅದು, ನೀರು ಚೆಲ್ತಿರೋಳು?" ಎಂದಳು ತಿಪಾಗ್ಯ.

ಲಮೀಸಿ ಎಲ್ಲವನ್ನೂ ಹೇಳಿದಳು. ನೀರಿಗೆ ಬಂದ ಹೆಂಗಸರು ಸುತ್ತ ಕೂತರು. ಯಾರಿಗೋ ಮೊಮ್ಮಗಳ ಮದುವೆ ಇತ್ತು, ಅಜ್ಜಿಯ ಮುಖ ಸಿನಿಮಾದಲ್ಲಿ ಬಂದರೆ ಅದೂ ಮುರಿದೀತು. ಯಾರಿಗೋ ಗುಟ್ಟಾಗಿ ಜೋಳ ಕಳಿಸುವ ಮಗನಿದ್ದ.

"ಓಡ್ಹೋಗಾನ," ಎಂದಳೊಬ್ಬಳು.

"ಎಲ್ಲಿಗೆ? ನಿನ್ ಗಂಡನ ತಿಕದೊಳೀಕಾ?" ತಿಪಾಗ್ಯ ಉಗಿದಳು.

ಲಮೀಸಿ ಸೋರೆಬುರುಡೆ ಕೆಳಗಿಟ್ಟು ಆಕಾಶ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮಳೆ ಹಿಡೀಲಿಕ್ಕೆ ಇನ್ ಎಷ್ಟ್ ದಿನ ಐತೆ?"

"ಮಣ್ಣು ವಾಸ್ನೆ ಬಡೀತಾ ಐತೆ. ಇನ್ನೇನು ಎರಡ್ಮೂರು ದಿನ. ಯಾಕೆ?"

ಅವಳು ಹೇಳಿದಳು. ಹೆಂಗಸರು ತಿರುಗಿ ಹಟ್ಟಿಯ ಹುಲ್ಲು ಮಾಡುಗಳತ್ತ ನೋಡಿದರು. ಒಬ್ಬಳು ಬಿಕ್ಕಿ ಅತ್ತಳು.

ಶನಿವಾರ ಬೆಳಿಗ್ಗೆ ಎರಡು ವ್ಯಾನು ತುಂಬ ಜನ ಬಂದರು. ಹೊಳೆಯುವ ಕಾಗದದ ಕಿರೀಟ ತೊಟ್ಟ ರಾಜಕುಮಾರ ಮೊದಲು ಇಳಿದು ಅಲ್ಲೇ ನಿಂತುಬಿಟ್ಟ. ರಾತ್ರೋರಾತ್ರಿ ಹುಲ್ಲು ಕಿತ್ತ ಹಟ್ಟಿಯಲ್ಲಿ ಒಂದು ಗುಡಿಸಲಿಗೂ ತಲೆ ಇರಲಿಲ್ಲ. ದುಂಡನೆಯ ಬೋಳು ಗೋಡೆಗಳು, ಒಳಗೆ ಚಾಪೆ, ಮಡಕೆ, ಮಡಿಚಿಟ್ಟ ಹಳೇ ಬಟ್ಟೆ ಎಲ್ಲ ಬಯಲಿಗೆ ಬಿದ್ದಿದ್ದವು. ಹೆಂಗಸರ ಕೈಯೆಲ್ಲ ಹುಲ್ಲು ಕೊಯ್ದು ನೆತ್ತರು. ತಿಪಾಗ್ಯ ತಡವರಿಸುತ್ತ ತನ್ನ ಮಾಡಿನ ಕೊನೆಯ ಕಟ್ಟನ್ನು ಎಳೆಯುತ್ತಿದ್ದಳು.

ರಶೀದು ಫೋನು ಎತ್ತಿದ, ಇಳಿಸಿದ. "ಇಲ್ಲೇನ್ ತೆಗ್ಯೋದು? ಬಾಂಬ್ ಬಿದ್ದಂಗೈತಲ್ಲ!" ಧಣಿ ವ್ಯಾನಿನಿಂದಲೇ ಅವನ ತಾಯಿಯನ್ನು ಬೈದ. ಕೊಟ್ಟ ದುಡ್ಡು ವಾಪಸ್ಸಿಡು ಎಂದು ತಿಂದಾನಾನ ಮೇಲೆ ಹರಿಹಾಯ್ದ. ಸ್ವಲ್ಪ ಹೊತ್ತಿನಲ್ಲಿ ವ್ಯಾನುಗಳು ತಿರುಗಿ ಹೊರಟವು.

ತಿಂದಾನಾ ದೊಣ್ಣೆ ಹಿಡಿದು ನುಗ್ಗಿದ. ಲಮೀಸಿ ಅಂಗಳದ ಒಲೆಯ ಮುಂದೆ ಕೂತು ಜೋಳದ ಹಿಟ್ಟಿನ ತೂಜಾಫಿ ಮುದ್ದೆ ತಿರುವುತ್ತಿದ್ದಳು. ಅವಳ ಪಕ್ಕದಲ್ಲಿ ಮಾಡಿನ ಹುಲ್ಲು ಆಳೆತ್ತರ ಒಟ್ಟಿತ್ತು.

"ಹೊದಿಸ್ರೇ ಮುಂಡೇರಾ! ಈಗ್ಲೇ ಹೊದಿಸ್ರಿ! ನನ್ ನೆಲದಾಗೆ ಒಂದ್ ಗರಿಕೆ ಕುಯ್ಯಾಕೂ ಬಿಡಲ್ಲ ನಿಮ್ಮನ್ನ!"

ಲಮೀಸಿ ಒಂದು ಹಿಡಿ ಹುಲ್ಲು ಮುರಿದು ಒಲೆಗೆ ತುರುಕಿದಳು. ಭುಗ್ಗೆಂದು ಹತ್ತಿಕೊಂಡಿತು.

"ಕೋಳಿ ಕುಯ್ತೀನಿ ಕಣೇ! ನಿಮ್ಮೂರಿಗೆ ಹೇಳ್ಕಳಿಸ್ತೀನಿ!"

"ಕುಯ್ಕೊ." ಲಮೀಸಿ ಇನ್ನೊಂದು ಹಿಡಿ ತುರುಕಿದಳು. "ಮುದ್ದೆ ಬೇಯ್ತಾ ಐತೆ. ಈಗ ಏಳಕ್ಕಾಗಲ್ಲ."

ಒಬ್ಬೊಬ್ಬರಾಗಿ ಹೆಂಗಸರು ಬಂದು, ತಂತಮ್ಮ ಒಲೆಗೆ ಕಂತೆ ಕಂತೆ ಹುಲ್ಲು ಹೊತ್ತೊಯ್ದರು. ಬೋಳು ಗೋಡೆಗಳ ನಡುವೆ ಹೊಗೆ ಎದ್ದಿತು. ಪೂರ್ವದ ಗುಡ್ಡ ಆಗಲೇ ಕಾಣುತ್ತಿರಲಿಲ್ಲ. ಮೊದಲ ದಪ್ಪ ಹನಿಗಳು ಚಾಪೆಯ ಮೇಲೆ, ಬಟ್ಟೆಯ ಮೇಲೆ, ಕುದಿಯುವ ಮುದ್ದೆಯ ಮೇಲೆ ಬಿದ್ದವು. ಲಮೀಸಿ ತಿರುವುತ್ತಲೇ ಇದ್ದಳು.