ದಾನಮ್ಮ ಒಗೆದ ಅಂಗಿ

ಹನುಮಯ್ಯನ ಅಂಗಿಗೆ ದಾನಮ್ಮ ಮೂರು ಸಲ ಸೋಪು ಹಾಕಿದಳು. ವಾಸನೆ ಹೋಗಲಿಲ್ಲ. ಕುಮಾರಸ್ವಾಮಿ ಲೇಔಟಿನ ಅಂಚಿನ ಆ ವಠಾರಕ್ಕೆ ನಲ್ಲಿ ನೀರು ಬರುವುದೇ ಮೂರು ದಿನಕ್ಕೊಮ್ಮೆ. ಹಿಡಿದಿಟ್ಟ ಎರಡು ಡ್ರಮ್ಮಿನಲ್ಲಿ ಒಂದು ಆ ಅಂಗಿ, ಪ್ಯಾಂಟಿಗೇ ಖಾಲಿಯಾಯಿತು. ಉಜ್ಜಿ ಉಜ್ಜಿ ಬೆರಳ ಸಂದಿ ಒಡೆದು ಉರಿಯುತ್ತಿತ್ತು. ಕೊನೆಗೆ ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಮಡಿಸಿ ಪಕ್ಕದ ಮನೆಯಲ್ಲಿದ್ದ ಅವನ ಹೆಂಡತಿ ಮುನಿಯಕ್ಕನಿಗೆ ಕೊಟ್ಟು ಬಂದಳು. ಗಂಡನನ್ನು ಕಳೆದುಕೊಂಡ ಹೆಂಗಸು ಆ ಬಟ್ಟೆಯನ್ನು ಆ ಸ್ಥಿತಿಯಲ್ಲಿ ನೋಡಬಾರದು ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಹನುಮಯ್ಯ, ದಾನಮ್ಮ ಇಬ್ಬರೂ ಜೆ.ಪಿ. ನಗರದ ಒಂದೇ ಅಪಾರ್ಟ್‌ಮೆಂಟಿನಲ್ಲಿ ಕೆಲಸಕ್ಕಿದ್ದವರು. ಅವನು ಗಿಡಗಳಿಗೆ ನೀರು ಬಿಡುವವನು, ಅವಳು ಮೆಟ್ಟಿಲು ಒರೆಸುವವಳು. ಸೋಮವಾರ ಬೆಳಿಗ್ಗೆ, ಎಂಬತ್ತು ಮನೆಗಳ ಕಕ್ಕಸಿನ ನೀರು ಬಂದು ಸೇರುವ ಬೇಸ್‌ಮೆಂಟಿನ ಗುಂಡಿ ಕಟ್ಟಿಕೊಂಡಿತು. ಹೀರುವ ಗಾಡಿ ಕರೆಸಿದರೆ ಸಂಜೆಯಾಗುತ್ತದೆ. ಸಂಜೆಯವರೆಗೆ ಮೂಗು ಮುಚ್ಚಿಕೊಂಡಿರುವ ತಾಳ್ಮೆ ಆ ಎಂಬತ್ತು ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ.

"ಐದೇ ನಿಮಿಷ ಕಣಯ್ಯ, ಇಳಿದು ಕೋಲಾಡಿಸಿ ಬಾ" ಎಂದು ಅಸೋಸಿಯೇಷನ್ ಸೆಕ್ರೆಟರಿ ನೀಲಕಂಠಪ್ಪನವರು ಹನುಮಯ್ಯನಿಗೆ ಹೇಳಿದ್ದು ಮೆಟ್ಟಿಲ ಮೇಲಿದ್ದ ದಾನಮ್ಮನಿಗೂ ಕೇಳಿಸಿತು. ಐದು ನಿಮಿಷಕ್ಕೆ ಸೆಕ್ಯೂರಿಟಿಯವನು ಅವನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಎಳೆದಾಗ ಬಂದದ್ದು ಹೆಣ. ಕೂಗು ಕೇಳಿ ಪೊರಕೆ ಬಿಸಾಕಿ ಓಡಿದ ದಾನಮ್ಮ ಅದನ್ನು ಕಣ್ಣಾರೆ ಕಂಡಳು.

ಆಮೇಲೆ ಎಲ್ಲವೂ ಚಕಚಕನೆ ನಡೆಯಿತು. ಪಕ್ಕದ ರಸ್ತೆಯ ನರ್ಸಿಂಗ್ ಹೋಮಿನ ಡಾಕ್ಟರು ಹಾರ್ಟ್ ಅಟ್ಯಾಕ್ ಎಂದು ಬರೆದುಕೊಟ್ಟರು. ಹೆಣದ ಮೈ ತೊಳೆಸಿ, ಹೊಸ ಪಂಚೆ ಸುತ್ತಿಸಿ, ಸಂಜೆಯೊಳಗೆ ಮಣ್ಣು ಮಾಡಿಸಿದರು. ಹಗ್ಗ ಎಳೆದ ಸೆಕ್ಯೂರಿಟಿಯವನನ್ನು ಅವನ ದೂರದ ಊರಿನ ರೈಲು ಹತ್ತಿಸಿದರು. ಹೆಣದಿಂದ ಬಿಚ್ಚಿದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೀಲಕಂಠಪ್ಪನವರು ದಾನಮ್ಮನ ಕೈಗೆ ಕೊಟ್ಟರು.

"ಪಾಪ, ಆಯಮ್ಮ ಹಿಂಗೆ ನೋಡಬಾರದು. ನಿಮ್ಮ ಕಡೆ ಒಗೆದು ಕೊಡೋ ಪದ್ಧತಿ ಇದೆಯಲ್ಲ, ಒಂಚೂರು ಮಾಡಮ್ಮ."

ಇತ್ತು ಆ ಪದ್ಧತಿ. ಸತ್ತವರ ಮೈಮೇಲಿನ ಬಟ್ಟೆಯನ್ನು ಬೇರೆಯವರು ಬಿಸಾಡುತ್ತಾರೆ. ದಾನಮ್ಮನ ಚರ್ಚು ಸಭೆಯ ಹೆಂಗಸರು ಒಗೆದು ಮಡಿಸಿ ಮನೆಯವರಿಗೆ ಕೊಡುತ್ತಾರೆ, ಮೂರು ದಿನ ಅಡುಗೆ ಕೊಂಡುಹೋಗುತ್ತಾರೆ, ಪಾತ್ರೆ ತಿಕ್ಕುತ್ತಾರೆ, ನೀರು ಹಿಡಿದಿಡುತ್ತಾರೆ. ಅತ್ತವರ ಮುಂದೆ ಬೈಬಲ್ ಓದಬೇಡ, ಮೊದಲು ಅವರ ಒಲೆ ನೋಡು ಎಂದು ದಾನಮ್ಮನ ತಾಯಿ ಹೇಳಿಕೊಟ್ಟಿದ್ದಳು. ಎರಡು ವರ್ಷದ ಹಿಂದೆ ನೀಲಕಂಠಪ್ಪನವರ ತಾಯಿ ತೀರಿಕೊಂಡಾಗ ಆಕೆಯ ಸೀರೆ, ಹಾಸಿಗೆ ಬಟ್ಟೆ ಒಗೆದವಳೂ ಇವಳೇ. ಅವರು ಅದನ್ನು ಮರೆತಿರಲಿಲ್ಲ. ಬಡವರ ಹತ್ತಿರ ಕರುಣೆ ಇದ್ದರೆ ಅದನ್ನೂ ಪುಕ್ಕಟೆ ದುಡಿಸಿಕೊಳ್ಳುವ ಜನ ಇವರು.

ಬುಧವಾರ ಬೆಳಿಗ್ಗೆ ದಾನಮ್ಮ ಅನ್ನ, ಬೇಳೆಸಾರು ತೆಗೆದುಕೊಂಡು ಹೋದಾಗ ಮುನಿಯಕ್ಕ ಆಗಲೇ ಸ್ಟೇಷನ್ನಿಗೆ ಹೋಗಿ ಬಂದಿದ್ದಳು.

"ಕುರ್ಚಿ ಮೇಲೆ ಕೂತಂಗೇ ಎದೆ ಹಿಡ್ಕೊಂಡು ಸತ್ತ ಅಂತ ಸೆಕ್ರೆಟರಿ ಹೇಳಿದಾರಂತೆ ಕಣೇ. ನೀ ಹೇಳಿದಂಗೆ ಗುಂಡಿಗೆ ಇಳಿಸಿದ್ರು ಅಂದೆ. ಸಾಕ್ಷಿ ಏನೈತೆ ಅಂದ್ರು. ಸತ್ತಾಗ ಹಾಕಿದ್ದ ಬಟ್ಟೆ ತಗೊಂಡ್ಬಾ ಅಂದ್ರು."

ಅವಳು ಕಬ್ಬಿಣದ ಪೆಟ್ಟಿಗೆ ತೆಗೆದು ಅಂಗಿಯನ್ನು ಹೊರತೆಗೆದಳು. ಬೆಳ್ಳಗಿತ್ತು. ಮೂಸಿ ನೋಡಿದಳು. ಮತ್ತೆ ಮೂಸಿದಳು.

"ಸೋಪಿನ ವಾಸನೆ ಕಣೇ ದಾನಮ್ಮ."

ಕವರು ಕೊಟ್ಟವರ ಮುಖ ದಾನಮ್ಮನ ಕಣ್ಣ ಮುಂದೆ ಬಂತು. ಇಷ್ಟು ಹೊತ್ತು ಅದನ್ನು ದೊಡ್ಡ ಮನಸ್ಸು ಎಂದುಕೊಂಡಿದ್ದಳಲ್ಲ, ತನ್ನ ಮೇಲೇ ಹೇಸಿಗೆಯಾಯಿತು.

"ನೀನಾದ್ರೂ ಬಂದು ಹೇಳ್ತೀಯಾ? ನೀನು ನೋಡಿದೀಯಲ್ಲ" ಎಂದಳು ಮುನಿಯಕ್ಕ.

"ಸಂಜೆ ಬರ್ತೀನಕ್ಕ" ಎಂದು ದಾನಮ್ಮ ಕೆಲಸಕ್ಕೆ ಓಡಿದಳು. ಸೀದಾ ಹೋಗಿ ನೀಲಕಂಠಪ್ಪನವರ ಬಾಗಿಲು ಬಡಿದಳು.

"ಸಾರ್, ಆ ಬಟ್ಟೆ ನನ್ ಕೈಲಿ ಯಾಕೆ ಒಗೆಸಿದ್ರಿ?"

ಅವರು ಕಾಫಿ ಲೋಟ ಕೆಳಗಿಡಲಿಲ್ಲ. "ನಾನೆಲ್ಲಿ ಒಗೆಸಿದೆ? ನೀನು ಒಗೆದೆ. ಸಾಕ್ಷಿ ನಾಶ ಅಂತ ಕೇಸಾದರೆ ಒಳಗೆ ಹೋಗೋದು ಯಾರು ಗೊತ್ತೇನಮ್ಮ? ನಿನ್ ಮಗಳು ಕಾಲೇಜಿಗೆ ಹೋಗ್ತಿದಾಳೆ ಅಲ್ವಾ?"

ಅವರು ಒಂದು ಗುಟುಕು ಕಾಫಿ ಕುಡಿದರು.

"ನಿಮ್ಮಲ್ಲಿ ಕ್ಷಮಿಸಿ ಅಂತ ತಾನೇ ಹೇಳಿಕೊಡೋದು? ಊಟ ಕೊಡು, ಪ್ರೇಯರ್ ಮಾಡು. ಒಳ್ಳೆ ಹೆಂಗಸು ನೀನು, ಒಳ್ಳೆಯವಳಾಗೇ ಇರು."

ಆ ದಿನ ಏಳು ಮಹಡಿ ಮೆಟ್ಟಿಲು ಒರೆಸುವಾಗ ದಾನಮ್ಮನಿಗೆ ಒಂದೇ ಚಿಂತೆ. ಬಾಯಿ ಬಿಟ್ಟರೆ ಜೈಲು, ಕೆಲಸವೂ ಹೋಯಿತು, ಮಗಳು ಸುಧಾಮಣಿ ಬೀದಿಪಾಲು. ಬಿಡದಿದ್ದರೆ ಪಕ್ಕದ ಗೋಡೆಯಾಚೆ ಮುನಿಯಕ್ಕ ಅಳುವುದನ್ನು ಜೀವಮಾನವಿಡೀ ಕೇಳಬೇಕು. ಎತ್ತ ತಿರುಗಿದರೂ ಗೋಡೆ. ಯೇಸಪ್ಪಾ ಎಂದು ಕರೆದಳು. ಕ್ಷಮಿಸಬೇಕಾದರೆ ಮೊದಲು ತಪ್ಪು ಯಾರದ್ದೆಂದು ಎಲ್ಲರೆದುರು ತಿಳಿಯಬೇಕಲ್ಲ ಎಂದು ಐದನೇ ಮಹಡಿಯಲ್ಲಿ ಹೊಳೆಯಿತು.

ಸಂಜೆ ಮುನಿಯಕ್ಕನಿಗೆ, ಬಟ್ಟೆ ಒಗೆಯಲು ಕೊಟ್ಟವರು ಯಾರು, ಬೆಳಿಗ್ಗೆ ಅವರು ಏನೆಂದರು, ಎಲ್ಲ ಹೇಳಿದಳು. ಮುನಿಯಕ್ಕ ಅನ್ನದ ಡಬ್ಬಿ ದೂಡಿದಳು.

"ನಿನ್ ಉಪಕಾರಕ್ಕೆ ಬೆಂಕಿ ಬೀಳ. ಎತ್ಕೊಂಡೋಗು."

ದಾನಮ್ಮ ಏಳಲಿಲ್ಲ. ಚೆಲ್ಲಿದ ಅನ್ನ ಬಳಿದಳು. ಬಿದ್ದಿದ್ದ ಪಾತ್ರೆ ತಿಕ್ಕಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, "ನಡಿ ಅಕ್ಕ, ಸ್ಟೇಷನ್ನಿಗೆ" ಎಂದಳು.

ಎಸ್‌ಐ ಕೇಳಿದ್ದು ಒಂದೇ ಮಾತು. "ಬಟ್ಟೆ ಯಾರು ಒಗೆದಿದ್ದು?"

"ನಾನು ಸಾರ್. ಅಂಗಿ ಒಗೆದೆ. ಕಣ್ಣಲ್ಲಿ ನೋಡಿದ್ದನ್ನ ಒಗೆಯೋಕಾಗುತ್ತಾ?"

ಅವರು ಪೆನ್ನು ಕೆಳಗಿಟ್ಟರು. "ನೋಡಮ್ಮ, ಇದನ್ನ ಬರ್ಕೊಂಡ್ರೆ ಮೊದಲು ಸಿಕ್ಕಿಹಾಕ್ಕೊಳ್ಳೋದು ನೀನೇ. ಅವರಿಗೆ ವಕೀಲರಿದಾರೆ. ನಿಂಗ್ಯಾರಿದಾರೆ? ಸುಮ್ನೆ ಮನೆಗೆ ಹೋಗು."

ಬೀಗ ಹಾಕಿದ ಮನೆ ಮುಂದೆ ಪುಸ್ತಕದ ಬ್ಯಾಗು ಹಿಡಿದು ನಿಂತ ಸುಧಾಮಣಿ ದಾನಮ್ಮನ ಕಣ್ಣಿಗೆ ಕಟ್ಟಿದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ಮುನಿಯಕ್ಕ.

"ಬೇಡ ಬಾರೇ. ನಂದು ಹೋಗಿದ್ದು ಹೋಯ್ತು. ನಿಂಗೂ ಮಗಳವ್ಳೆ."

ಒಂದು ಗಂಟೆಯ ಹಿಂದೆ ಶಾಪ ಹಾಕಿದವಳು. ದಾನಮ್ಮ ಆ ಕೈಯನ್ನು ಹಿಡಿದುಕೊಂಡು, ಯಾರೂ ಹೇಳದೆಯೇ ಎಸ್‌ಐ ಎದುರಿನ ಕುರ್ಚಿಯಲ್ಲಿ ಕೂತಳು. ಹುಟ್ಟಿದಾಗಿನಿಂದ ಯಾವ ಸಾಹೇಬರ ಮುಂದೆಯೂ ಅವಳು ಹಾಗೆ ಕೂತಿರಲಿಲ್ಲ.

"ಬರ್ಕೊಳ್ಳಿ ಸಾರ್. ಮೊದಲು ನನ್ ಹೆಸರೇ ಬರೀರಿ. ದಾನಮ್ಮ, ಬಟ್ಟೆ ಒಗೆದೋಳು. ಅದರ ಕೆಳಗೆ, ಒಗೆಯೋಕೆ ಕೊಟ್ಟೋರು ನೀಲಕಂಠಪ್ಪ. ಅದರ ಕೆಳಗೆ, ಗುಂಡಿಗೆ ಇಳಿ ಅಂದೋರೂ ಅವರೇ. ಅವರ ಹೆಸರು ಎರಡು ಸಲ ಬರೀರಿ, ಪೆನ್ನು ತಗೊಳ್ಳಿ."