ಪಾವಡಿ ಬಯಲು

ಗೂಟಗಳ ನಡುವೆ ಬಿಗಿದ ನೂಲಿನ ಹಾಸಿನ ಆ ಬದಿಗೆ ಸೊಸೆ ಶಿವಗಾಮಿ, ಈ ಬದಿಗೆ ನಾನು, ಗಂಜಿ ಹಚ್ಚಿದ ನೂಲಿನ ಮೇಲೆ ಕುಂಚ ಎಳೆಯುತ್ತ ಹೊರಟಿದ್ದೆವು. ಬಿಸಿಲೇರುವುದರೊಳಗೆ ಮುಗಿಯಬೇಕು. ಪಾಲಕ್ಕಾಡಿನ ಕಣಿವೆಯಿಂದ ಗಾಳಿ ನುಗ್ಗಿತೆಂದರೆ ಎಳೆಗೆ ಎಳೆ ಅಂಟಿ ಹಾಸೇ ಹಾಳು. ಮಡತ್ತುಕುಳಂ ಪಕ್ಕದ ನಮ್ಮ ನೇಕಾರ ಬೀದಿಯವರೆಲ್ಲ ಹಾಸು ಹರಡುವುದು ಈ ಬಯಲಿನಲ್ಲೇ. ಪಾವಡಿ ಎನ್ನುತ್ತೇವೆ.

"ಏ ಕುಪ್ಪಮ್ಮ! ದಾರಿಗಡ್ಡ ಏನೇ ಇದು, ಮುದಿ ಮುಂಡೆ?"

ವೆಂಕಟಾಚಲಂ. ಬೀದಿಗೆಲ್ಲ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಮೊದಲಾಳಿ. ಹಿಂದೆ ಟೇಪು ಹಿಡಿದ ತಾಲ್ಲೂಕಿನ ಸರ್ವೆಯರ್.

"ಪಾವಡಿ ಅಲ್ವಾ ಮೊದಲಾಳಿ. ತಾತನ ಕಾಲದಿಂದ..."

"ನಿಮ್ ತಾತನಿಗೆ ಪಟ್ಟಾ ಇತ್ತೇನೇ? ಸಾರ್, ಹೇಳಿ ಇವಳಿಗೆ."

"ತರಿಸು," ಎಂದ ಸರ್ವೆಯರ್, ಮೊಬೈಲಿನಿಂದ ತಲೆ ಎತ್ತದೆ. ತರಿಸು ಎಂದರೆ ಬೀಳುಭೂಮಿ. ಬಿಳಿ ದೊರೆಯ ಕಾಲದಲ್ಲಿ ದಾಖಲೆಗೆ ಬರೆದದ್ದು. ದೊರೆ ಅಳೆಯಲು ಬಂದದ್ದು ಮಟಮಟ ಮಧ್ಯಾಹ್ನ ಎಂದು ನನ್ನ ಅತ್ತೆ ಹೇಳುತ್ತಿದ್ದಳು. ಗಾಳಿಗೆ ಹೆದರಿ ನಮ್ಮವರು ಹಾಸು ಸುತ್ತಿಕೊಂಡು ಹೋಗಿ ಮಗ್ಗದ ಗುಂಡಿಯಲ್ಲಿ ಕೂತಿದ್ದರು. ಅವನಿಗೆ ಕಂಡದ್ದು ಖಾಲಿ ನೆಲ, ನಾಲ್ಕು ಗೂಟ.

"ಇಲ್ಲಿ ಕಾತ್ತಾಡಿ ನಿಲ್ತದೆ," ವೆಂಕಟಾಚಲಂ ದೂರದ ಗಾಳಿಯಂತ್ರಗಳತ್ತ ಕೈ ಮಾಡಿದ. "ಇಂಥಾ ಗಾಳಿ ಬೇರೆಲ್ಲೂ ಇಲ್ಲ ಅಂತ ಕಂಪನಿಯೋರು ಕುಣೀತಾವ್ರೆ. ಹಾಸು ಕೊಯ್ಯಿ, ಟೇಪು ಹೋಗ್ಬೇಕು."

"ಎತ್ತಿ ಹಿಡೀತೀವಿ ಅಣ್ಣಾ, ಕೆಳಗೆ ನುಸುಳಿ ಹೋಗಿ," ಎಂದಳು ಶಿವಗಾಮಿ.

"ನಿನ್ನ ಮುಂದೆ ನಾನು ಬಗ್ಬೇಕಾ, ನಾಯೇ? ನೂಲು ನಂದು. ಕೊಯ್ಯಿ. ನೀನೇ ಕೊಯ್ಯಿ."

ಚಾಕು ಅವನೇ ಕೊಟ್ಟ. ಶಿವಗಾಮಿ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ ಕೊಯ್ದಳು. ಬಿಗಿದಿದ್ದ ಎಳೆಗಳು ಚಿಟಿಚಿಟಿ ಎಂದು ಹಾರಿ ಧೂಳಿನಲ್ಲಿ ಮುದುಡಿ ಬಿದ್ದವು. ಅವನು ಎದೆ ಸೆಟೆಸಿ ಅವುಗಳ ಮೇಲೆ ನಡೆದುಹೋದ.

"ಕೂಲಿ ಗೀಲಿ ಅಂತ ಬಂದೀಯ, ಜೋಕೆ!"

ಗಾಳಿ ಆಗಲೇ ಎದ್ದಿತ್ತು.

ಶಿವಗಾಮಿ ಮನೆಗೆ ಹೋಗಿ ಪೆಟ್ಟಿಗೆಯಿಂದ ಕಾಗದ ತೆಗೆದಳು. ಈ ಬಯಲು ನಮಗೆ ಬಿಡಿ ಎಂದು ಇರುಳು ಶಾಲೆಯ ತಮಿಳಿನಲ್ಲಿ ನಾನೇ ಕಲೆಕ್ಟರಿಗೆ ಬರೆದದ್ದು, ಪೊಂಗಲ್ಲಿನಿಂದ ಅಲ್ಲೇ ಇತ್ತು. ಮೊದಲ ಸಹಿ ಯಾರದೋ ಅವರಿಗೆ ಮೊದಲಾಳಿ ನೂಲು ನಿಲ್ಲಿಸುತ್ತಾನೆಂದು ಹೆದರಿ ಬೀದಿಯವರು ಬಳೆಯ ಹಾಗೆ ದುಂಡಗೆ ಸಹಿ ಹಾಕಿದ್ದರು. ಯಾರು ಮೊದಲು, ಯಾರು ಕೊನೆ, ತಿಳಿಯದು. ಆದರೆ ರಸೀದಿ ಬೇಕಾದರೆ ಕಳಿಸುವವರು ಒಬ್ಬರೇ ಇರಬೇಕೆಂದಿದ್ದ ಅಂಚೆಯವನು. ಆವತ್ತು ನನ್ನ ಕೈ ಹಿಡಿದು ಮನೆಗೆ ಎಳೆದು ತಂದವಳು ಶಿವಗಾಮಿಯೇ. ಮಗ್ಗ ಅವಳದು, ನೂಲು ಬರುವುದು ಅವಳ ಹೆಸರಿಗೆ.

"ಕಳಿಸೋರು ಯಾರು?" ನಾವಿಬ್ಬರೂ ಅಂಚೆ ಕಚೇರಿಗೆ ಹೋದಾಗ ಅಂಚೆಯವನು ಇವತ್ತೂ ಅದನ್ನೇ ಕೇಳಿದ.

"ಕುಪ್ಪಮ್ಮ," ಎಂದೆ.

"ಸುಮ್ನಿರು ಅತ್ತೆ. ನಾಳೆ ನೀನು ಸತ್ರೆ ಕಾಗದಾನೂ ಸತ್ತೋಯ್ತದೆ." ಶಿವಗಾಮಿ ಅಂಚೆಯವನ ಕಡೆ ತಿರುಗಿದಳು. "ಶಿವಗಾಮಿ. ನೇಕಾರ ಬೀದಿ. ಬರ್ಕೊಳ್ಳಿ."

"ಯೋಚ್ನೆ ಮಾಡಮ್ಮಾ."

ಕಿಟಕಿಯಾಚೆ ವೆಂಕಟಾಚಲಂನ ವ್ಯಾನು ನಮ್ಮ ಬೀದಿಯತ್ತ ತಿರುಗಿತು. ಅವಳೂ ನೋಡಿದಳು. ಗಂಜಿ ಒಣಗಿ ಬಿರುಕು ಬಿಟ್ಟ ಕೈಯಿಂದ ಕಾಗದವನ್ನು ಕಂಡಿಯೊಳಗೆ ತಳ್ಳಿದಳು.

"ಮುದ್ರೆ ಒತ್ತಿ," ಎಂದಳು.

ಒತ್ತಿದ.