ಸೆರಗಿನೊಳಗಿನ ಜೋಗುಳ

ನಮ್ಮ ಬನಹಟ್ಟಿಯ ಓಣಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಮಾತಾಡಿದರೆ ಕೇಳಿಸುವುದಾದರೂ ಹೇಗೆ? ಅಂಗಳ ದಾಟಿದರೆ ನಮ್ಮ ಮಗ್ಗಗಳು, ಗೋಡೆಯಾಚೆ ಪಕ್ಕದ ಮನೆಯ ಮಗ್ಗಗಳು. ನಮ್ಮದು ನಿಂತಿತು ಅನ್ನುವಷ್ಟರಲ್ಲಿ ಅವರದು ಖಟಪಟ ಶುರು. ಮದುವೆಯಾಗಿ ಬಂದಾಗಿನಿಂದ ನಾನು ಒದರಿಯೇ ಮಾತಾಡಿದವಳು. ಪರವೂರಿನವರು ಶಂಕ್ರೆವ್ವ ಜಗಳಗಂಟಿ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ, ಪೂರ್ತಿ ಸುಳ್ಳೇನಲ್ಲ.

ಆ ಸದ್ದು ನನಗೆ ಎಂದೂ ತ್ರಾಸು ಕೊಟ್ಟಿರಲಿಲ್ಲ. ಈ ಸಲ ಕೊಟ್ಟಿತು. ಮಗಳು ವೈಶಾಲಿ ಬಾಣಂತನಕ್ಕೆ ಬಂದು ಬಂಗಾರದಂಥ ಹೆಣ್ಣು ಕೂಸು ಹೆತ್ತು ಹನ್ನೆರಡು ದಿನವಾಗಿತ್ತು. ಮರುದಿನವೇ ತೊಟ್ಟಿಲು, ಹೆಸರಿಡುವ ಕಾರ್ಯ. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವಾಗ ನಮ್ಮವ್ವನ ಜೋಗುಳ ಹಾಡಲೇಬೇಕು. ಅವ್ವ ಹೋದ ಮೇಲೆ ಅದು ಗೊತ್ತಿರುವವರು ಇಬ್ಬರೇ, ನಾನು ಮತ್ತು ಬಾಡಗಂಡಿಗೆ ಕೊಟ್ಟ ನನ್ನ ಅಕ್ಕ ಮುದಕವ್ವ. ಮೊದಲ ಸಾಲುಗಳು ನನ್ನವು, ಕಡೆಯ ಸಾಲು ಅವಳದು. ಆ ಸಾಲಿನಲ್ಲಿ ಧಾಟಿ ಥಟ್ಟನೆ ತಿರುಗಿ ಮೇಲೇರುತ್ತದೆ. "ಅದು ನಿನಗ ಬರೂದಿಲ್ಲ ಬಿಡು" ಎಂದು ಚಿಕ್ಕಂದಿನಿಂದ ಅವಳು ಅದನ್ನು ನನಗೆ ಬಿಟ್ಟುಕೊಟ್ಟಿಲ್ಲ. ಈಗ ಹಿತ್ತಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದಾಳೆ. ಬರಲಾಗುವುದಿಲ್ಲವೆಂದು ಹಾಡನ್ನು ಮೊಬೈಲಿನಲ್ಲಿ ತುಂಬಿ ಕಳಿಸಿದಳು.

ಕೇಳಿದರೆ ಏನಿದೆ? ಕಡೆಯ ಸಾಲು ಬರುವ ಹೊತ್ತಿಗೆ ಅವಳ ದನಿ ಎಳೆ ನೂಲಿನಷ್ಟು ಸಣ್ಣದಾಗಿಬಿಡುತ್ತದೆ. ಅದರ ಮೇಲೆ ಈ ಖಟಪಟ. ಫೋನನ್ನು ಕಿವಿಗೆ ಒತ್ತಿಕೊಂಡು ಅಡುಗೆಮನೆ, ಬಚ್ಚಲು, ಮಾಳಿಗೆ ಎಲ್ಲ ಸುತ್ತಿದೆ. ಮಾತು ಸಿಕ್ಕಿತು, ಧಾಟಿ ಸಿಗಲಿಲ್ಲ. ಇನ್ನೊಮ್ಮೆ ಹಾಡೆಂದು ಫೋನು ಮಾಡಿದರೆ, "ಒಮ್ಮಿ ಹಾಡೇನಿ. ಕಿವಿ ಇದ್ರ ಕೇಳು!" ಎಂದು ಇಟ್ಟೇಬಿಟ್ಟಳು. ಸಿಟ್ಟು ನೆತ್ತಿಗೇರಿತು, ಹಿಂದೆಯೇ ಅಳುವೂ ಬಂತು. ನನ್ನ ಮೊಮ್ಮಗಳು ಅರ್ಧ ಜೋಗುಳ ಕೇಳಿ ತೊಟ್ಟಿಲಿಗೆ ಹೋಗಬೇಕೇ?

ಮಗ ಬಸವಕುಮಾರನಿಗೆ ನನ್ನ ಮುಖ ನೋಡಲಾಗಲಿಲ್ಲ.

"ಅವ್ವಾ, ಗದ್ದಲಾ ತಡಿಯೂ ಹೆಡ್‌ಫೋನ್ ಬಂದಾವ. ವೈರೂ ಇಲ್ಲ, ಏನೂ ಇಲ್ಲ. ನಾ ತೊಟ್ಟಲಾ ತರಾಕ ಜಮಖಂಡಿಗೆ ಹೊಂಟೇನಿ, ನೀನೂ ಬಾ. ನಿನ್ನ ಕಿವೀಗೆ ಯಾವುದು ಬರೊಬ್ಬರಿ ಆಗ್ತೈತಿ ನೀನ ನೋಡು."

ಅಂಗಡಿ ದೊಡ್ಡ ರಸ್ತೆಯ ಮೇಲೇ ಇತ್ತು. ಕಬ್ಬಿನ ಹಂಗಾಮು. ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಸಾಲಾಗಿ ಹೊರಟಿದ್ದವು, ಒಂದೊಂದರಲ್ಲೂ ಎದೆ ನಡುಗುವಂಥ ಹಾಡು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ? ಅಂಗಡಿ ನಡೆಸುವ ಹುಡುಗ ಅಮೇಯ ಮೂರು ಹೆಡ್‌ಫೋನು ತಂದು ಮುಂದಿಟ್ಟ. ಬಸವಕುಮಾರ ಅಕ್ಕನ ಹಾಡು ಹಚ್ಚಿದ. ಒಂದನ್ನು ಹಾಕಿಕೊಂಡೆ. ಅಕ್ಕನ ಜೊತೆ ಟ್ರ್ಯಾಕ್ಟರೂ ಹಾಡಿತು. ಇನ್ನೊಂದರಲ್ಲೂ ಅಷ್ಟೇ, ಮೂರನೆಯದರಲ್ಲೂ ಅಷ್ಟೇ.

"ಗದ್ದಲಾ ತಡೀತೈತಂತ! ಏನ್ ತಡೀತೋ ಇದು? ನನ್ನ ಸೆರಗ ಇದಕ್ಕಿಂತ ಹೆಚ್ಚಿಗಿ ತಡೀತೈತಿ!" ಎಂದು ಒದರಿದೆ.

ಅಮೇಯ ಒಮ್ಮೆ ನನ್ನ ತಲೆ ನೋಡಿದ, ಒಮ್ಮೆ ನನ್ನ ಮಗನನ್ನು ನೋಡಿದ, ಆಮೇಲೆ ನೆಲ ನೋಡಿದ. ಬಾಯಿ ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ಅವನ ಹೆಂಡತಿ ವರದಾ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದಳು.

"ಆಯೀ, ಸಿಟ್ಟಿಗೇಳಬ್ಯಾಡ್ರಿ. ನೀವು ಸೆರಗಿನ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ಅದು ಕಿವೀಗೆ ಪೂರಾ ಹತ್ತಿ ಕೂತ್ರನ ಗದ್ದಲಾ ನಿಲ್ಲತೈತ್ರಿ. ಒಳಗ ಹಾಕ್ಕೊಳ್ರಿ."

"ಅಯ್ಯ ನಿನ್ನ! ಇಷ್ಟೊತ್ತು ಯಾಕ ಹೇಳಲಿಲ್ಲೋ?" ಎಂದು ಅಮೇಯನನ್ನು ಕೇಳಿದೆ.

"ಹಿರೇರಿಗೆ ತಲಿ ಮ್ಯಾಲಿನ ಸೆರಗ ತಗೀರಿ ಅಂತ ಹೆಂಗ ಹೇಳೂದ್ರಿ, ಆಯೀ?" ಎಂದ, ಪಾಪ. ನನ್ನ ಮಗನೋ, ಅವನಿಗೂ ಗೊತ್ತಿದ್ದು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ಅವನಾದರೂ ನನ್ನ ಬರಿದಲೆ ಯಾವಾಗ ನೋಡಿದ್ದಾನೆ? ಇಬ್ಬರನ್ನೂ ನೋಡಿ ನನಗೆ ನಗು ತಡೆಯಲಾಗಲಿಲ್ಲ.

ವರದಾ ನನ್ನನ್ನು ಗೋಡೆಯ ಕಡೆ ತಿರುಗಿಸಿ, ಸೆರಗನ್ನು ಪರದೆಯಂತೆ ಎತ್ತಿ ಹಿಡಿದಳು. ಮೊದಲನೆಯದು ಕಿವಿಯ ಮೇಲಂಚಿನ ಬುಗುಡಿಯ ಮೇಲೆ ಕೂತು ಒತ್ತಿತು. "ಅಯ್ಯಯ್ಯೋ, ಕಿವಿ ಹೋತು!" ಎಂದೆ. ಬುಗುಡಿ ತೆಗೆಯಿರಿ ಎಂದಳು. ಅದು ನಮ್ಮವ್ವ ಹಾಕಿದ್ದು, ಹೆಡ್‌ಫೋನಿನ ಸಲುವಾಗಿ ತೆಗೆಯುತ್ತೇನೆಯೇ? ಎರಡನೆಯದು ಒತ್ತಲಿಲ್ಲ, ಆದರೆ ಅದರಲ್ಲಿ ಅಕ್ಕ ಪೀಪಿ ಊದಿದ ಹಾಗೆ ಕೇಳಿಸಿದಳು. ಮೂರನೆಯದು ಅಗಲ ಬಟ್ಟಲಿನದು, ಮೆತ್ತಗಿತ್ತು. ಬುಗುಡಿ ಸಮೇತ ನನ್ನ ಕಿವಿ ಅದರೊಳಗೆ ಹಾಯಾಗಿ ಕೂತಿತು. ಪಟ್ಟಿ ತುರುಬಿನ ಮುಂದೆ ನಿಂತಿತು. ವರದಾ ಯಾವುದೋ ಗುಂಡಿ ಒತ್ತಿದಳು.

ಟ್ರ್ಯಾಕ್ಟರು ಎಲ್ಲೋ ದೂರ ಹೋಗಿಬಿಟ್ಟಿತು. ನನ್ನ ಅಕ್ಕ ನನ್ನ ಅಕ್ಕನ ಹಾಗೇ ಹಾಡತೊಡಗಿದಳು, ಸ್ವಲ್ಪ ಮೂಗಿನಿಂದ, ಬಹಳ ಗರ್ವದಿಂದ. ಕಡೆಯ ಸಾಲು ಬಂತು. ಧಾಟಿ ಎಲ್ಲಿ ತಿರುಗುತ್ತದೆ, ಎಲ್ಲಿ ಉಸಿರು ಹಿಡಿಯುತ್ತಾಳೆ, ಎಲ್ಲ ಸ್ಪಷ್ಟ. ಇನ್ನೊಮ್ಮೆ ಹಚ್ಚಿಸಿದೆ. ಮೂರನೆಯ ಸಲಕ್ಕೆ ಕಣ್ಣು ಮುಚ್ಚಿ ಮೆಲ್ಲಗೆ ನಾನೂ ಜೊತೆಗೂಡಿದೆ:

ಹಾಲ ಕುಡದು ನಕ್ಕಾಳ ನೂಲಿನ ತೊಟ್ಟಿಲದಾಗ
ಮ್ಯಾಲಿಂದ ಚಂದ್ರ ಇಣಕ್ಯಾನ, ಆ ನಗಿಗೆ
ಸಾಲ ಮಗ್ಗೆಲ್ಲ ನಿಂತಾವ

ಬಂತು! ಆ ತಿರುವು ನನ್ನ ಗಂಟಲಲ್ಲೇ ಬಂತು!

ಕಣ್ಣು ಬಿಟ್ಟರೆ ಅಂಗಡಿಯ ಬಾಗಿಲಲ್ಲಿ ಜನ ನೆರೆದಿದ್ದರು. ಹೆಡ್‌ಫೋನು ತೆಗೆದೆ. ಆದರೂ ಗದ್ದಲವಿಲ್ಲ. ಇದೇನು, ತೆಗೆದ ಮೇಲೂ ತಡೆಯುತ್ತದೆಯೇ ಎಂದು ಹೊರಗೆ ನೋಡಿದೆ. ಸಾಲಿನ ಕಡೆಯ ಟ್ರ್ಯಾಕ್ಟರು ರಸ್ತೆಯ ಮಗ್ಗುಲಿಗೆ ನಿಂತಿತ್ತು. ಡ್ರೈವರ್ ಎಂಜಿನ್ನೂ ಹಾಡೂ ಬಂದ್ ಮಾಡಿ, ಸ್ಟೇರಿಂಗಿನ ಮೇಲೆ ಗಲ್ಲ ಊರಿ ಕೂತಿದ್ದ. ನಾನು ಮೆಲ್ಲಗೆ ಅಂದುಕೊಂಡು ಹಾಡಿದ್ದು ಮಗ್ಗದ ಓಣಿಯ ದನಿಯಲ್ಲಿ!

"ಯಾಕ ನಿಲ್ಲಿಸಿದ್ರಿ, ಆಯೀ? ಕಡೀ ಸಾಲ ಇನ್ನೊಮ್ಮಿ ಆಗಲಿ," ಎಂದ ಅವನು.

ನಾಚಿಕೆಯಿಂದ ಸತ್ತೇಹೋಗಬೇಕಿತ್ತು, ಆದರೆ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಇನ್ನೊಮ್ಮೆ ಹಾಡಿದೆ. ಬಸವಕುಮಾರ ಸದ್ದಿಲ್ಲದೆ ಬಾಡಗಂಡಿಗೆ, ಅಕ್ಕನಿಗೆ ಫೋನು ಹಚ್ಚಿ ನನ್ನ ಮುಂದೆ ಹಿಡಿದಿದ್ದ. ಹಾಡು ಮುಗಿದ ಕೂಡಲೇ ಫೋನಿಗೆ ಬಾಯಿ ಹಚ್ಚಿದೆ.

"ಅಕ್ಕಾ, ಕೇಳಿಸ್ತೇನ? ಕಿವಿ ಅದಾವಿಲ್ಲೋ ನಿನಗ?" ಎಂದೆ.

"ಅದಾವ," ಎಂದಳು ಮುದಕವ್ವ. ಮೂಗು ಒರೆಸಿಕೊಳ್ಳುವ ಸದ್ದಾಯಿತು. "ಅವ್ವ ಹಾಡಿದಂಗ ಆತು, ಶಂಕ್ರೀ. ಇನ್ನ ಮ್ಯಾಲೆ ಆ ಸಾಲ ನಿಂದು."

ವರದಾ ನನ್ನ ತಲೆಯ ಮೇಲೆ ಸೆರಗು ಸರಿಮಾಡಿದಳು. ನಾನು ಅದರ ಅಂಚಿನಿಂದಲೇ ಕಣ್ಣೊರೆಸಿಕೊಂಡು, ತೊಟ್ಟಿಲು ತರಬೇಕು, ಕೂಸು ಎದ್ದಿರುತ್ತದೆ, ಬೇಗ ನಡಿ ಎಂದು ಮಗನನ್ನು ಅವಸರಿಸಿದೆ.